ಎಲೆ ನೋಡಿ ಬಡಿಸಿ

ನಮ್ಮ ಕಡೆ ಮದುವೆ ಮನೆಯಲ್ಲಿ ಬಡಿಸಲು ನಿಂತ ಹುಡುಗನ ಕೈಗೆ ಮೊದಲು ಬರುತ್ತಿದ್ದದ್ದು ಉಪ್ಪಿನ ಬಟ್ಟಲು. ಸಾಗರದ ಹತ್ತಿರದ ಹಳ್ಳಿ ನಮ್ಮದು. ನನಗೆ ಆಗ 12 ವರ್ಷ. ಒಂದು ವರ್ಷ ಉಪ್ಪು, ಆಮೇಲೆ ನೀರಿನ ಜಗ್ಗು, ಆಮೇಲೆ ಹಪ್ಪಳದ ಬುಟ್ಟಿ. ಪಲ್ಯ ಬಡಿಸಲು ಬಿಡುವ ಹೊತ್ತಿಗೆ ಮೀಸೆ ಚಿಗುರುತ್ತಿತ್ತು. ಸಾರಿನ ಬಕೆಟ್ಟು ಕೈಗೆ ಬಂದಾಗ 17. ತುಪ್ಪದ ಮಿಳ್ಳೆ ಮಾತ್ರ ಯಾವಾಗಲೂ ಚಿಕ್ಕಪ್ಪನ ಕೈಯಲ್ಲೇ. ಊರಲ್ಲಿ ಯಾರ ಮನೆ ಕಾರ್ಯ ಆದರೂ ಬಡಿಸುವ ಯಜಮಾನಿಕೆ ಅವರದ್ದು. ನಮ್ಮ ಹಿಂದೆ ಬಂದು ನಿಂತು ಮೆಲ್ಲಗೆ ಹೇಳುತ್ತಿದ್ದರು: “ತಮಾ, ಮುಖ ನೋಡಡ. ಎಲೆ ನೋಡು.”

ಮುಖ ನೋಡಬೇಡ, ಎಲೆ ನೋಡು. ಆ ಮಾತಿಗೆ ಎರಡು ಅರ್ಥ ಇತ್ತು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಒಂದು, ಎಲೆಯಲ್ಲಿ ಏನು ಖಾಲಿ ಆಗಿದೆ, ಏನು ಹಾಗೇ ಉಳಿದಿದೆ ನೋಡು. ಉಣ್ಣುವವರು ಸಂಕೋಚಕ್ಕೆ ಬಾಯಿಬಿಟ್ಟು ಕೇಳುವುದಿಲ್ಲ. ಎಲೆ ಹೇಳುತ್ತದೆ. ಇನ್ನೊಂದು, ಮುಖ ನೋಡಿ ಮಣೆ ಹಾಕಬೇಡ. ಕೂತವರು ಸಾಹುಕಾರರೇ ಆಗಲಿ, ಅವರನ್ನು ಕರೆದುಕೊಂಡು ಬಂದ ಡ್ರೈವರೇ ಆಗಲಿ, ತುಪ್ಪದ ಅಳತೆ ಒಂದೇ.

ಈಗ ನಾವಿರುವುದು ಬೆಂಗಳೂರಿನ ಒಂದು ಫ್ಲ್ಯಾಟಿನಲ್ಲಿ. ವರ್ಷಕ್ಕೆ ಎರಡು ಸಲ ನೆಂಟರು, ಸ್ನೇಹಿತರು, ಅಕ್ಕಪಕ್ಕದ ಮನೆಯವರು ಅಂತ 24 ಜನರನ್ನು ರಾತ್ರಿ ಊಟಕ್ಕೆ ಕರೆಯುತ್ತೇವೆ. ಮೊದಲ ಸಲ ಎಲ್ಲರ ಹಾಗೆ ನಾವೂ ಬಫೆ ಇಟ್ಟಿದ್ದೆವು. ಅತ್ತೆಯ ವಯಸ್ಸಿನ ಇಬ್ಬರು ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತೇ ಉಂಡರು. ಒಬ್ಬರ ತಟ್ಟೆಯಲ್ಲಿ ತಂಬುಳಿ ಹರಿದು ಪಾಯಸಕ್ಕೆ ಸೇರಿತ್ತು. ಅವರು ಏನೂ ಹೇಳಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ನಮ್ಮಲ್ಲಿ ಎಲೆ ಹಾಕಿ, ಕೂರಿಸಿ ಬಡಿಸುವುದೇ. ಫ್ಲ್ಯಾಟಿನಲ್ಲಿ ಇದು ಆಗುವುದಿಲ್ಲ ಅನ್ನುತ್ತಾರೆ. ಆಗುತ್ತದೆ. ಹೇಗೆ ಅಂತ ಹೇಳುತ್ತೇನೆ.

ಲೆಕ್ಕ ಕೊನೆ ಪಂಕ್ತಿಯಿಂದ

24 ಜನ ಅತಿಥಿಗಳು ಅಂದರೆ ಉಣ್ಣುವವರು 24 ಅಲ್ಲ. ಮನೆಯವರು, ಬಡಿಸಲು ಬಂದವರು, ಅಡುಗೆಗೆ ಕೈ ಸೇರಿಸಿದ ಅಕ್ಕ, ಎಲ್ಲ ಸೇರಿ 30. ಈ 6 ಜನರನ್ನೇ ಮೊದಲು ಎಣಿಸಿ. ನಮ್ಮಮ್ಮ ಜೀವಮಾನವಿಡೀ ಕೊನೆ ಪಂಕ್ತಿಯಲ್ಲಿ ಉಂಡವರು. ಅವರ ಪಾಲಿಗೆ ಸೀದ ಅನ್ನ, ತಳದ ಸಾರು, ಹಪ್ಪಳದ ಪುಡಿ. ಒಂದು ಸಲ ಪಲ್ಯವೇ ಇರಲಿಲ್ಲ. ಮೊದಲ ಪಂಕ್ತಿಗೆ ನಾನೇ ಹುರುಪಿನಲ್ಲಿ ರಾಶಿ ರಾಶಿ ಬಡಿಸಿದ್ದೆ. ಅಮ್ಮ ಮಜ್ಜಿಗೆ ಕಲಸಿ ಉಂಡು ಎದ್ದದ್ದನ್ನು ನೋಡಿದಾಗ ಹೊಟ್ಟೆಯಲ್ಲಿ ಆದ ಸಂಕಟ ಇವತ್ತಿಗೂ ಹಾಗೇ ಇದೆ. ಅದಕ್ಕೆ ಈಗ ನಮ್ಮ ಮನೆಯಲ್ಲಿ ಅಡುಗೆ ಇಳಿಸಿದ ಕೂಡಲೇ 6 ಜನರ ಪಾಲು ಬೇರೆ ಪಾತ್ರೆಗೆ ತೆಗೆದು ಮುಚ್ಚಿಡುತ್ತೇವೆ. ಅದನ್ನು ಯಾರೂ ಮುಟ್ಟುವುದಿಲ್ಲ.

30 ಜನರ ರಾತ್ರಿ ಊಟಕ್ಕೆ ನಮ್ಮ ಅಳತೆ ಇದು. ಸೋನಾ ಮಸೂರಿ ಅಕ್ಕಿ 3 ಕೆಜಿ. ಸಾರು 5 ಲೀಟರ್, ಹುಳಿ 5 ಲೀಟರ್. ತಂಬುಳಿ 3 ಲೀಟರ್. ಪಾಯಸ ಮೂರೂವರೆ ಲೀಟರ್. ಬೀನ್ಸ್ ಪಲ್ಯಕ್ಕೆ 3 ಕೆಜಿ ಬೀನ್ಸ್. ಹೋಳಿಗೆ 70. ಹಪ್ಪಳ 75. ತುಪ್ಪ ಅರ್ಧ ಕೆಜಿ. ಕೋಸಂಬರಿಗೆ ಹೆಸರುಬೇಳೆ ಮುಕ್ಕಾಲು ಕೆಜಿ. ಅಕ್ಕಿ ಕಡಿಮೆ ಆಯ್ತಲ್ಲ ಅನ್ನಿಸಬಹುದು. ಚಿತ್ರಾನ್ನ, ಹೋಳಿಗೆ ಇದ್ದ ದಿನ ಅನ್ನ ಹೋಗುವುದು ಕಮ್ಮಿ. ಚಿತ್ರಾನ್ನದ ಅಕ್ಕಿ ಇದರಲ್ಲಿ ಸೇರಿಲ್ಲ, ಅದಕ್ಕೆ ಬೇರೆ 1 ಕೆಜಿ.

ಅನ್ನವನ್ನು ಒಟ್ಟಿಗೇ ಮಾಡಿಡಬೇಡಿ. ಮೊದಲ ಪಂಕ್ತಿ ಕೂರುವ ಅರ್ಧ ಗಂಟೆ ಮುಂಚೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಎರಡನೆಯದಕ್ಕೆ ಉಳಿದದ್ದು. ಕೊನೆ ಪಂಕ್ತಿಯ ಅನ್ನವೂ ಆ ಎರಡನೇ ಪಾತ್ರೆಯಲ್ಲೇ ಬರಲಿ. ಬಿಸಿ ಅನ್ನದ ಸುಖಕ್ಕೆ ಮಾತ್ರ ಅಲ್ಲ. ಬೆಂದ ಅನ್ನ ಎರಡು ಗಂಟೆಗಿಂತ ಜಾಸ್ತಿ ಸುಮ್ನೆ ಹೊರಗೆ ಇರಬಾರದು. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯುವ ಬಿಸಿಗೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಿದ್ದಷ್ಟೂ ಹೊತ್ತು ಅವು ಬೆಳೆಯುತ್ತವೆ. ಬೆಳೆದಾಗ ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಸಾರು, ಹುಳಿ ಸಣ್ಣ ಉರಿಯ ಮೇಲೇ ಇರಲಿ. ತಂಬುಳಿ ಫ್ರಿಜ್ಜಿನಲ್ಲಿರಲಿ, ಬಡಿಸುವ ಹತ್ತು ನಿಮಿಷ ಮುಂಚೆ ಹೊರಗೆ ತೆಗೆದರೆ ಸಾಕು.

ಜಾಗ

ಒಬ್ಬರಿಗೆ ಎರಡು ಅಡಿ ಅಗಲ ಬೇಕೇ ಬೇಕು. ಅದಕ್ಕಿಂತ ಕಡಿಮೆ ಆದರೆ ಮೊಣಕೈಗೆ ಮೊಣಕೈ ತಾಗುತ್ತದೆ. ಶಾಮಿಯಾನದವರ ಹತ್ತಿರ 6 ಅಡಿ ಉದ್ದದ, ಒಂದೂವರೆ ಅಡಿ ಅಗಲದ ಊಟದ ಟೇಬಲ್ ಬಾಡಿಗೆಗೆ ಸಿಗುತ್ತದೆ. ಒಂದಕ್ಕೆ ಮೂರು ಜನ. ನಮ್ಮ ಹಾಲಿನಲ್ಲಿ ನಾಲ್ಕು ಟೇಬಲ್ ಹಿಡಿಯುತ್ತದೆ. ಅಲ್ಲಿಗೆ ಒಂದು ಪಂಕ್ತಿಗೆ 12 ಜನ. ಏಳೂವರೆಗೆ ಮೊದಲ ಪಂಕ್ತಿ, ಎಂಟೂವರೆಗೆ ಎರಡನೆಯದು. ಮಕ್ಕಳು, ವಯಸ್ಸಾದವರು, ದೂರ ಹೋಗಬೇಕಾದವರು ಮೊದಲು.

ಟೇಬಲ್ಲಿನ ಒಂದೇ ಬದಿಗೆ ಜನ ಕೂರಬೇಕು. ಇನ್ನೊಂದು ಬದಿ ಬಡಿಸುವವರಿಗೆ. ಜಾಗ ಉಳಿಯಲಿ ಅಂತ ಎದುರುಬದುರು ಕೂರಿಸಿದರೆ ಹೆಗಲ ಮೇಲಿಂದ ಕೈ ಚಾಚಿ ಬಡಿಸಬೇಕಾಗುತ್ತದೆ. ಬಿಸಿ ಸಾರು ಯಾರದೋ ತೊಡೆ ಮೇಲೆ ಬೀಳುವುದು ಆಗಲೇ. ಎರಡು ಟೇಬಲ್ ಒಂದು ಗೋಡೆಗೆ, ಎರಡು ಎದುರು ಗೋಡೆಗೆ. ಕೂತವರ ಬೆನ್ನು ಗೋಡೆಗೆ, ಮುಖ ಒಳಗೆ. ನಡುವಿನ ದಾರಿ ನಾಲ್ಕು ಅಡಿ ಇದ್ದರೆ ಇಬ್ಬರು ಬಕೆಟ್ಟು ಹಿಡಿದು ಆರಾಮಾಗಿ ದಾಟಬಹುದು. ಆ ದಾರಿಯಲ್ಲಿ ಚಾಪೆ, ಕಾಲೊರಸು, ಚಾರ್ಜರ್ ವೈರು, ಏನೂ ಇರಬಾರದು.

ನೆಲದ ಮೇಲೆ ಕೂರಲು ಇಷ್ಟಪಡುವವರಿಗೆ ಒಂದು ಕಡೆ ಚಾಪೆ ಹಾಸಿದರೆ ಆಯಿತು. ಮಂಡಿ ನೋವಿನವರಿಗೆ ಟೇಬಲ್. ಯಾರು ಎಲ್ಲಿ ಅಂತ ಅವರೇ ಆರಿಸಿಕೊಳ್ಳಲಿ.

ಎಲೆ

ಗಾಂಧಿ ಬಜಾರಿನಲ್ಲೋ ಕೆ.ಆರ್. ಮಾರ್ಕೆಟ್ಟಿನಲ್ಲೋ ಹಿಂದಿನ ದಿನ ಸಂಜೆ ತನ್ನಿ. ಲೆಕ್ಕಕ್ಕಿಂತ ಐದು ಎಲೆ ಜಾಸ್ತಿ ಇರಲಿ, ಒಂದೆರಡು ಹರಿದೇ ಇರುತ್ತವೆ. ತುದಿ ಇರುವುದು ಕುಡಿ ಎಲೆ. ತುದಿ ಇಲ್ಲದೆ ನಡುವಿನಿಂದ ಕತ್ತರಿಸಿದ್ದು ಕೀತು. ಕುಡಿ ಎಲೆಗೆ ಬೆಲೆ ಜಾಸ್ತಿ. 30 ಕುಡಿ ಸಿಗದಿದ್ದರೆ ಎಲ್ಲರಿಗೂ ಕೀತೇ ಹಾಕಿ. ಅರ್ಧ ಜನಕ್ಕೆ ಕುಡಿ, ಅರ್ಧ ಜನಕ್ಕೆ ಕೀತು ಅಂತ ಮಾಡಬೇಡಿ. ಪಂಕ್ತಿಭೇದ ಶುರುವಾಗುವುದು ಇಂಥ ಸಣ್ಣದರಿಂದ.

ಸುರುಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪು ಜಾಗದಲ್ಲಿಡಿ. ಬೆಳಿಗ್ಗೆ ಬಿಡಿಸುವಾಗ ಬಿರುಸಾಗಿದ್ದರೆ ಎಳೆಯಬೇಡಿ, ನರದ ಗುಂಟ ಸೀಳಿಹೋಗುತ್ತದೆ. ಬಿಸಿ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಎರಡೂ ಕಡೆ ಒರೆಸಿದರೆ ಮೆತ್ತಗಾಗಿ ಬಿಚ್ಚಿಕೊಳ್ಳುತ್ತದೆ. ಹಿಂಭಾಗದ ದಪ್ಪ ದಂಟನ್ನು ಚಾಕುವಿನಿಂದ ಸವರಿ ತೆಗೆದರೆ ಎಲೆ ಟೇಬಲ್ಲಿಗೆ ಅಂಟಿ ಕೂರುತ್ತದೆ. ಇಲ್ಲದಿದ್ದರೆ ನಡುವೆ ಉಬ್ಬಿ ನಿಂತು ತಂಬುಳಿ ಎಲ್ಲ ಮಡಿಲಿಗೆ ಹರಿಯುತ್ತದೆ. ಎಲೆ ಸಿಗದ ಊರಿನಲ್ಲಿದ್ದರೆ ಸ್ಟೀಲ್ ತಟ್ಟೆ ಸಾಕು. ಪ್ಲಾಸ್ಟಿಕ್ ಲೇಪನದ ಕಾಗದದ ಎಲೆ ಬೇಡ. ಅದರ ಮೇಲೆ ಕುದಿಯುವ ಸಾರು ಹಾಕಲು ನನಗಂತೂ ಮನಸ್ಸು ಬರುವುದಿಲ್ಲ.

ಕುಡಿ ಯಾವ ಕಡೆ? ಊಟಕ್ಕೆ ಕೂತವರ ಎಡಕ್ಕೆ. ಹೊಸದಾಗಿ ಬಡಿಸುವವರು ತಪ್ಪುವುದು ಇಲ್ಲಿಯೇ. ನೀವು ನಿಂತಿರುವುದು ಎದುರಿಗೆ, ಹಾಗಾಗಿ ನಿಮಗೆ ಕುಡಿ ಬಲಗಡೆ ಕಾಣಬೇಕು. ಬೇರೆ ಎಲ್ಲವೂ ಹಾಗೇ ಅದಲುಬದಲು. ನಾನು ಹೊಸಬರಿಗೆ ಹೇಳುವುದು ಇಷ್ಟೇ: ಮೊದಲು ಒಂದು ಎಲೆಯ ಮುಂದೆ ನೀವೇ ಕೂತು ನೋಡಿ, ಎಲ್ಲಿ ಏನು ಬೇಕು ಅಂತ ಕೈಯಲ್ಲಿ ಮುಟ್ಟಿ. ಆಮೇಲೆ ಎದ್ದು ಎದುರಿಗೆ ಬನ್ನಿ.

ಏನು ಎಲ್ಲಿ, ಯಾವಾಗ

ನಡುದಂಟಿನ ಆಚೆಯದು ಮೇಲ್ಭಾಗ, ಈಚೆಯದು ಉಣ್ಣುವವರ ಹತ್ತಿರದ ಭಾಗ. ನಮ್ಮ ಮನೆಯಲ್ಲಿ ಮೇಲ್ಭಾಗದಲ್ಲಿ ಕುಡಿಯ ಹತ್ತಿರ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಅಲ್ಲಿಂದ ಬಲಕ್ಕೆ ಕೋಸಂಬರಿ, ಸೌತೆಕಾಯಿ ಹಸಿ (ಮೊಸರು ಬೆರೆಸಿದ ಪಚಡಿ), ಪಲ್ಯ. ಕೆಳಭಾಗದಲ್ಲಿ ಎಡಕ್ಕೆ ಚಿತ್ರಾನ್ನ, ನಡುವೆ ಅನ್ನ, ಬಲ ಮೂಲೆಯಲ್ಲಿ ಪಾಯಸದ ದೊನ್ನೆ. ಬಲಗೈಗೆ ಸುಲಭವಾಗಿ ಸಿಗಬೇಕಾದದ್ದು ನಡುವೆ ಮತ್ತು ಬಲಕ್ಕೆ, ಚೂರು ಚೂರು ನೆಂಚಿಕೊಳ್ಳುವುದು ಮೇಲೆ. ನಿಮ್ಮ ಮನೆಯ ಪದ್ಧತಿ ಬೇರೆ ಇದ್ದರೆ ಅದನ್ನೇ ಮಾಡಿ. ಆದರೆ 12 ಎಲೆಯಲ್ಲೂ ಒಂದೇ ಥರ ಇರಲಿ. ಆಗಲೇ ಯಾರ ಎಲೆಯಲ್ಲಿ ಏನು ಖಾಲಿ ಆಗಿದೆ ಅಂತ ದೂರದಿಂದಲೇ ಕಾಣುವುದು.

ಜನ ಕೂರುವ ಮೊದಲೇ ಬಡಿಸಬಹುದಾದದ್ದು: ಉಪ್ಪು, ಉಪ್ಪಿನಕಾಯಿ, ಪಲ್ಯ, ಚಿತ್ರಾನ್ನ. ಕೂತ ಮೇಲೆ ಬಡಿಸಬೇಕಾದದ್ದು: ಹಸಿ, ಕೋಸಂಬರಿ, ಹಪ್ಪಳ, ಅನ್ನ, ತುಪ್ಪ. ಕೋಸಂಬರಿಗೆ ಉಪ್ಪು ಹಾಕಿದ ಹತ್ತು ನಿಮಿಷಕ್ಕೆ ನೀರು ಬಿಡುತ್ತದೆ. ಅದಕ್ಕೇ ಪಂಕ್ತಿ ಕೈ ತೊಳೆಯಲು ಹೋದಾಗ ಉಪ್ಪು, ನಿಂಬೆರಸ ಬೆರೆಸಿ. ಹಪ್ಪಳ ಎಲ್ಲಕ್ಕಿಂತ ಕೊನೆಗೆ. ಎಲೆಯ ಒದ್ದೆ ತಾಗಿದರೆ ಮೆತ್ತಗಾಗುತ್ತದೆ, ಚಿತ್ರಾನ್ನದ ಮೇಲೆ ಆನಿಸಿ ಇಡಿ. ನಮ್ಮದು ಹಲಸಿನ ಹಪ್ಪಳ, ಊರಿಂದ ಅತ್ತಿಗೆ ಕಳಿಸುತ್ತಾರೆ. ಅದಕ್ಕೆ ಈ ಮರ್ಯಾದೆ ಸಲ್ಲಲೇಬೇಕು.

ಉಪ್ಪಿನಕಾಯಿ ಅಪ್ಪೆಮಿಡಿಯದ್ದು. ಮಲೆನಾಡಿನ ಹೊಳೆದಂಡೆಯ ಮರಗಳ ಈ ಮಾವಿನ ಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಒಬ್ಬರಿಗೆ ಒಂದು ಇಡೀ ಮಿಡಿ, ಮೇಲೆ ಅರ್ಧ ಚಮಚ ರಸ. ಕತ್ತರಿಸಿ ಹಾಕಬೇಡಿ, ಕಚ್ಚಿದಾಗ ಬರುವ ಪರಿಮಳವೇ ಅದರ ಜೀವ. ಗೊತ್ತಿಲ್ಲದವರು ಅದನ್ನು ಹಾಗೇ ಬಿಟ್ಟು ಏಳುತ್ತಾರೆ. “ಸ್ವಲ್ಪ ಸ್ವಲ್ಪ ಕಚ್ಚಿಕೊಂಡು ತಿನ್ನಿ, ಮಜ್ಜಿಗೆ ಅನ್ನದ ತನಕ ಉಳಿಸಿಕೊಳ್ಳಿ” ಅಂತ ಅವರು ಕೂತ ಕೂಡಲೇ ಹೇಳಿಬಿಡಿ.

ಮೊದಲೇ ಬಡಿಸುವುದನ್ನೆಲ್ಲ ಬಡಿಸಿ ಆದ ಮೇಲೆ ಎಲೆಗಳ ಮುಂದೆ ಒಂದು ಸುತ್ತು ನಡೆಯಿರಿ. ಬರೀ ನೋಡುತ್ತ. ಯಾವ ಎಲೆಗೆ ಪಲ್ಯ ಬಿಟ್ಟುಹೋಗಿದೆ, ಯಾವ ಲೋಟದಲ್ಲಿ ನೀರಿಲ್ಲ. ಆಮೇಲೆ ಜನರನ್ನು ಕರೆಯಿರಿ.

ಸೌಟು ಹಿಡಿಯುವುದು

12 ಎಲೆಗೆ ಮೂರು ಜನ ಬಡಿಸುವವರು ಸಾಕು. ಒಬ್ಬರಿಗೆ ಅನ್ನ, ಒಬ್ಬರಿಗೆ ಸಾರು ಹುಳಿ ಇಂಥ ನೀರಾದದ್ದು, ಒಬ್ಬರಿಗೆ ಪಲ್ಯ, ಹಪ್ಪಳ, ತುಪ್ಪ, ನೀರು. ಪಾತ್ರೆ ಎಡಗೈಯಲ್ಲಿ, ಸೌಟು ಬಲಗೈಯಲ್ಲಿ. ದೊಡ್ಡ ತಪ್ಪಲೆ ಹೊರಬೇಡಿ. 3 ಲೀಟರಿನ ಹಿಡಿಕೆ ಇರುವ ಸಣ್ಣ ಬಕೆಟ್ಟು ಸಾಕು, ಎರಡು ಸಲ ತುಂಬಿಸಿಕೊಂಡು ಬಂದರಾಯಿತು. ಹಗುರ ಇದ್ದರೆ ಕೈ ನಡುಗುವುದಿಲ್ಲ, ಸಾರೂ ಬಿಸಿ ಇರುತ್ತದೆ.

ಸೌಟು ತುಂಬಿ ಮೇಲೆತ್ತಿದ ಮೇಲೆ ಅದರ ಹಿಂಬದಿಯನ್ನು ಪಾತ್ರೆಯ ಬಾಯಿಗೆ ಒಮ್ಮೆ ಸವರಿ. ತೊಟ್ಟಿಕ್ಕುವುದು ನಿಲ್ಲುತ್ತದೆ. ಪಾತ್ರೆಯನ್ನು ಎಲೆಯ ಅಂಚಿನ ತನಕ ತನ್ನಿ, ಸೌಟು ಗಾಳಿಯಲ್ಲಿ ಜಾಸ್ತಿ ದೂರ ಹೋಗಬಾರದು. ಎಲೆಯಿಂದ ನಾಲ್ಕು ಬೆರಳು ಮೇಲೆ ಹಿಡಿದು, ಅನ್ನದ ನಡುವಿನ ಗುಂಡಿಗೆ ಸಣ್ಣ ಧಾರೆಯಾಗಿ ಬಿಡಿ. ಮೇಲಿಂದ ಸುರಿದರೆ ಸಿಡಿಯುತ್ತದೆ. ಸೌಟು ಎಲೆಗೆ ತಾಗಿದರೆ ಎಂಜಲು. ತಾಗಿದ ಸೌಟನ್ನು ಮತ್ತೆ ಪಾತ್ರೆಗೆ ಹಾಕದೆ ಬದಲಿಸಿ. ಅಡುಗೆಮನೆ ಬಾಗಿಲ ಹತ್ತಿರ ಎರಡು ಸೌಟು ಇದಕ್ಕೇ ಅಂತ ಇಟ್ಟಿರಿ.

ಅನ್ನಕ್ಕೆ ಸೌಟು ಬೇಡ, ಚಪ್ಪಟೆ ಹುಟ್ಟು ಬೇಕು. ಮೊದಲೇ ಅಗಲ ಪಾತ್ರೆಗೆ ಸುರಿದು, ಹುಟ್ಟಿನ ಅಂಚಿನಿಂದ ಮೆಲ್ಲಗೆ ಬಿಡಿಸಿಡಿ. ಒತ್ತಬೇಡಿ, ಮುದ್ದೆಯಾಗುತ್ತದೆ. ಬಗ್ಗುವಾಗ ಸೊಂಟ ಅಲ್ಲ, ಮಂಡಿ ಬಗ್ಗಿಸಿ. ಎರಡು ಪಂಕ್ತಿ ಬಡಿಸುವಷ್ಟರಲ್ಲಿ ನೂರಾರು ಸಲ ಬಗ್ಗಬೇಕಲ್ವಾ. ಉದ್ದ ಕೂದಲಿದ್ದರೆ ಕಟ್ಟಿ, ಸೆರಗು ಸಿಕ್ಕಿಸಿ, ಶಲ್ಯ ಇದ್ದರೆ ಸೊಂಟಕ್ಕೆ ಬಿಗಿಯಿರಿ. ಫೋನು ಜೇಬಿನಲ್ಲಿ ಬೇಡ, ಬಗ್ಗಿದಾಗ ಜಾರಿ ಹುಳಿಗೆ ಬೀಳುತ್ತದೆ.

ಸುತ್ತುಗಳು

ಮೊದಲು ಅನ್ನ, ಒಂದೇ ಹುಟ್ಟು. ಅದರ ಮೇಲೆ ತುಪ್ಪ, ಒಂದು ಚಮಚ. ಹಿರಿಯರು ಕೆಲವರು ಎಲೆ ಸುತ್ತ ನೀರು ಬಿಟ್ಟು ಪರಿಸೇಚನೆ ಮಾಡುತ್ತಾರೆ. ಅವರು ತುಪ್ಪ ಬೀಳದೆ ಊಟ ಶುರುಮಾಡುವುದಿಲ್ಲ, ಹಾಗಾಗಿ ತುಪ್ಪ ತಡ ಆಗಬಾರದು. ಆಮೇಲೆ ತಂಬುಳಿ. ನಾವು ಒಂದೆಲಗದ್ದು ಮಾಡುತ್ತೇವೆ. ಜೀರಿಗೆ, ಮೆಣಸು ತುಪ್ಪದಲ್ಲಿ ಹುರಿದು, ಸೊಪ್ಪು ಬಾಡಿಸಿ, ಕಾಯಿ ಜೊತೆ ರುಬ್ಬಿ ಮಜ್ಜಿಗೆಗೆ ಸೇರಿಸುವುದು. ಕುದಿಸುವುದಿಲ್ಲ. ಎರಡನೇ ಅನ್ನಕ್ಕೆ ಸಾರು, ಮೂರನೆಯದಕ್ಕೆ ಹುಳಿ. ಆಮೇಲೆ ಹೋಳಿಗೆ ತುಪ್ಪ, ಪಾಯಸ. ಕೊನೆಗೆ ಮಜ್ಜಿಗೆ ಅನ್ನ. ಮಾವಿನ ಕಾಲವಾದರೆ ನಡುವೆ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು), ಅದನ್ನು ಲೋಟದಲ್ಲಿ ಕೊಟ್ಟರೆ ಕುಡಿಯುವವರೇ ಜಾಸ್ತಿ.

ಅನ್ನದವರು ಮುಂದೆ, ಮೂರು ಎಲೆ ಬಿಟ್ಟು ಹಿಂದೆಯೇ ಸಾರಿನವರು. ಇದು ಮುಖ್ಯ. ಬರೀ ಅನ್ನ ಹಾಕಿಸಿಕೊಂಡು ಸಾರಿಗೆ ಕಾಯುತ್ತ ಕೂರುವುದು, ಒಣಗುತ್ತಿರುವ ಕೈ ನೋಡಿಕೊಳ್ಳುವುದು, ಅದಕ್ಕಿಂತ ಬೇಸರ ಊಟದಲ್ಲಿ ಇನ್ನೊಂದಿಲ್ಲ. ಸಾರು ಅಡುಗೆಮನೆ ಬಾಗಿಲಿಗೆ ಬರದೆ ಅನ್ನ ಹೊರಡಬಾರದು.

ನಡೆಯುತ್ತ ಹೆಸರು ಹೇಳಿ. “ಸಾರು, ಸಾರು”, “ಹುಳಿ, ನುಗ್ಗೇಕಾಯಿ ಹುಳಿ”. ತಲೆ ಎತ್ತದೆ ಉಣ್ಣುತ್ತಿದ್ದವರು ಅನ್ನದಲ್ಲಿ ಗುಂಡಿ ಮಾಡಿಕೊಳ್ಳಲು ಅಷ್ಟು ಸಾಕು.

ಎರಡನೇ ಸುತ್ತಿಗೆ ಇನ್ನೊಂದು ತುದಿಯಿಂದ ಬನ್ನಿ. ಇಲ್ಲದಿದ್ದರೆ ಕೊನೆಯಲ್ಲಿ ಕೂತವರಿಗೆ ಎಲ್ಲವೂ ಕೊನೆಗೇ ಸಿಗುತ್ತದೆ.

ಈ ಕ್ರಮ ಎಲ್ಲರದ್ದಲ್ಲ ಅನ್ನುವುದೂ ನೆನಪಿರಲಿ. ನಮ್ಮ ಬೀಗರು ಧಾರವಾಡದವರು. ಅವರ ಕಡೆ ಹೋಳಿಗೆ, ಚಪಾತಿ, ರೊಟ್ಟಿ ಮೊದಲು, ಅನ್ನ ಕೊನೆಗೆ. ಮೊದಲ ಸಲ ಬಂದಾಗ ಅವರು ಅನ್ನ ಸ್ವಲ್ಪವೇ ಹಾಕಿಸಿಕೊಂಡು, ಬರೀ ಪಲ್ಯ ತಿನ್ನುತ್ತ ಕೂತರು. ಇವರು ಊಟವೇ ಕಡಿಮೆ ಅಂದುಕೊಂಡೆ. ಅವರು ಕಾಯುತ್ತಿದ್ದದ್ದು ರೊಟ್ಟಿಗೆ. ಎಲೆಯ ನಡುವೆ ಅವರು ಬಿಟ್ಟುಕೊಂಡಿದ್ದ ಜಾಗ ನನ್ನ ಕಣ್ಣಿಗೆ ಬಿದ್ದಿತ್ತು, ಅರ್ಥ ಆಗಲಿಲ್ಲ. ಈಗ ಅವರು ಬರುವ ದಿನ ಹೋಳಿಗೆಯೇ ಮೊದಲ ಸುತ್ತು, ಎಲ್ಲರಿಗೂ. ಅವರೊಬ್ಬರಿಗೇ ಬೇರೆ ಮಾಡಿದರೆ ಅವರಿಗೆ ಮುಜುಗರ.

ಕೇಳುವುದು, ಬಿಡುವುದು

ಎರಡನೇ ಸಲ ಬಡಿಸಲು ಹೋದಾಗ “ಸಾಕಾ?” ಅಂತ ಕೇಳಬೇಡಿ. ಅದಕ್ಕೆ “ಸಾಕು” ಅನ್ನುವ ಉತ್ತರವೇ ಬರುವುದು. “ಸ್ವಲ್ಪ ಸಾರು ಹಾಕಲಾ?” ಅನ್ನಿ. ಪಲ್ಯದ ಜಾಗ ಖಾಲಿ ಇದ್ದರೆ ಪಲ್ಯದ ಹೆಸರೇ ಹಿಡಿದು ಕೇಳಿ. ಖಾಲಿ ಆದದ್ದು ಅವರಿಗೆ ಇಷ್ಟವಾದದ್ದು.

ಒಂದು ಸಲ ಕೇಳಿ. ಬೇಡ ಅಂದರೆ ಇನ್ನೊಂದು ಸಲ, “ಅರ್ಧ ಹೋಳಿಗೆ?” ಅಂತ ಕೇಳಿ. ನಮ್ಮ ಜನರಲ್ಲಿ ಮೊದಲ “ಬೇಡ” ಬರೀ ಸಂಕೋಚ, ಅದು ನಿಮಗೂ ಗೊತ್ತಲ್ವಾ. ಎಲೆಯ ಮೇಲೆ ಕೈ ಅಡ್ಡ ಬಂತೋ, ಅಲ್ಲಿಗೆ ನಿಲ್ಲಿಸಿ. ಅಡ್ಡ ಹಿಡಿದ ಕೈಯ ಬೆರಳ ಸಂದಿಯಿಂದ ಪಾಯಸ ಸುರಿದು ನಗುವವರನ್ನು ನೋಡಿದ್ದೇನೆ. ಅದು ಉಪಚಾರ ಅಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬಂದವರಿಗೆ ಅದು ಹಿಂಸೆ. ಕರೆಯುವಾಗಲೇ ಫೋನಿನಲ್ಲಿ “ಊಟದಲ್ಲಿ ಏನಾದರೂ ಬಿಡುತ್ತೀರಾ?” ಅಂತ ಕೇಳಿಟ್ಟುಕೊಳ್ಳಿ. ಶೇಂಗಾ, ಗೋಡಂಬಿ ಆಗದವರು ಇರುತ್ತಾರೆ, ಈರುಳ್ಳಿ ಬಿಟ್ಟವರು ಇರುತ್ತಾರೆ. ಪಂಕ್ತಿಯ ನಡುವೆ ಎಲ್ಲರೂ ಕೇಳುವ ಹಾಗೆ “ನಿಮಗೆ ಶುಗರ್ ಅಲ್ವಾ, ಪಾಯಸ ಬೇಡ ಅಲ್ವಾ” ಅನ್ನಬಾರದು. ಪಾಯಸದ ಪಾತ್ರೆ ಹಿಡಿದು ಅವರ ಮುಂದೆ ಒಂದು ಕ್ಷಣ ನಿಲ್ಲಿ. ಬೇಕಾದರೆ ಅವರೇ ದೊನ್ನೆ ಮುಂದೆ ಮಾಡುತ್ತಾರೆ.

ಮಕ್ಕಳ ಎಲೆಗೆ ಎಲ್ಲವೂ ಕಾಲು ಭಾಗ. ಉಪ್ಪಿನಕಾಯಿ ಕೇಳಿ ಹಾಕಿ. ಸಾರು ಅವರಿಗೆ ಬಕೆಟ್ಟಿನಿಂದ ನೇರ ಬೇಡ, ಬಟ್ಟಲಲ್ಲಿ ಆರಿಸಿ ಕೊಡಿ. ಎಲೆ ಊಟ ಹೊಸದಾದವರು ಯಾರಾದರೂ ಬಂದಿದ್ದರೆ, ಆಫೀಸಿನ ಸ್ನೇಹಿತರು ಅಂತ ಇಟ್ಟುಕೊಳ್ಳಿ, ಅವರನ್ನು ಮಾತುಗಾರರೊಬ್ಬರ ಪಕ್ಕ ಕೂರಿಸಿ. ಚಮಚ ಕೇಳುವ ಮೊದಲೇ ಪಕ್ಕದಲ್ಲಿ ಇಟ್ಟಿರಿ.

ನಿಧಾನ ಉಣ್ಣುವವರ ಹೆಜ್ಜೆಗೆ

ಪ್ರತಿ ಪಂಕ್ತಿಯಲ್ಲೂ ಒಬ್ಬರು ನಿಧಾನ ಉಣ್ಣುವವರು ಇರುತ್ತಾರೆ. ಹಲ್ಲಿಲ್ಲದವರೋ, ಮಾತಾಡುತ್ತ ಉಣ್ಣುವವರೋ. ಅವರನ್ನು ಮೊದಲ ಸುತ್ತಿನಲ್ಲೇ ಗುರುತಿಸಿ. ಮುಂದಿನ ಸುತ್ತು ಹೊರಡಬೇಕಾದದ್ದು ಅವರ ಎಲೆ ನೋಡಿ. ಅವರು ಸಾರನ್ನದ ಅರ್ಧಕ್ಕೆ ಬಂದಾಗ ಹುಳಿ ಹೊರಟರೆ ಸರಿ. ಬೇಗ ಉಣ್ಣುವವರಿಗೆ ಆ ಹೊತ್ತಿಗೆ ಇನ್ನೊಂದು ಹಪ್ಪಳ, ಇನ್ನಷ್ಟು ಪಲ್ಯ. ಅವರ ಕೈ ಖಾಲಿ ಇರುವುದಿಲ್ಲ. ನಿಧಾನದವರನ್ನು ಬಿಟ್ಟು ಮಜ್ಜಿಗೆ ತನಕ ಓಡಿಬಿಟ್ಟರೆ, ಉಳಿದವರೆಲ್ಲ ಕೈ ಒಣಗಿಸಿಕೊಂಡು ಅವರನ್ನೇ ನೋಡುತ್ತ ಕೂರುತ್ತಾರೆ. ಆ ಅಜ್ಜಿ ಹೊಟ್ಟೆ ತುಂಬದೆಯೇ ಎದ್ದುಬಿಡುತ್ತಾರೆ. ನನ್ನ ಲೆಕ್ಕಕ್ಕೆ ಒಂದು ಪಂಕ್ತಿಗೆ 40 ನಿಮಿಷ ಬೇಕು. ಅರ್ಧ ಗಂಟೆಗೆ ಮುಗಿದರೆ ಯಾರಿಗೋ ಅವಸರ ಮಾಡಿದ್ದೀರಿ.

ಧರ್ಮಸ್ಥಳಕ್ಕೋ ಹೊರನಾಡಿಗೋ ಶೃಂಗೇರಿಗೋ ಹೋದಾಗ ನಿಮ್ಮ ಊಟ ಆದ ಮೇಲೆ ಸ್ವಲ್ಪ ಹೊತ್ತು ಬದಿಗೆ ನಿಂತು ಬಡಿಸುವವರ ಕೈ ನೋಡಿ. ದಿನಕ್ಕೆ ಸಾವಿರಾರು ಜನಕ್ಕೆ ಹಾಕುವ ಕೈಗಳು. ಎಷ್ಟು ಅನ್ನ ಅಂತ ಸೌಟಿಗೇ ಗೊತ್ತಿರುತ್ತದೆ. ನನಗೆ ಅಲ್ಲಿಂದ ಬಂದ ಮೇಲೆ ಕೈ ಒಂದು ವಾರ ಚುರುಕಾಗಿರುತ್ತದೆ.

ಮಜ್ಜಿಗೆ ಸುತ್ತಿನಲ್ಲಿ ಮನೆಯ ಯಜಮಾನರು, ಯಜಮಾನಿ ಇಬ್ಬರೂ ಬರೀಗೈಯಲ್ಲಿ ಪಂಕ್ತಿಯ ಮುಂದೆ ಬರಬೇಕು. “ಸಾವಕಾಶ ಆಗಲಿ” ಅಂತ ಒಬ್ಬೊಬ್ಬರನ್ನೂ ವಿಚಾರಿಸಬೇಕು. ಡ್ರೈವರ್ ಆ ಪಂಕ್ತಿಯಲ್ಲಿದ್ದರೆ ಅವರನ್ನೂ. ಅವರನ್ನು ಕೆಳಗೆ ಕಾರಿನಲ್ಲಿ ಕೂರಿಸಿ ಪೊಟ್ಟಣ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಚಿಕ್ಕಪ್ಪ ಇದ್ದಿದ್ದರೆ ಸಹಿಸುತ್ತಿರಲಿಲ್ಲ.

ಪಂಕ್ತಿ ಎಲ್ಲ ಒಟ್ಟಿಗೆ ಏಳಲಿ. ಎದ್ದ ಮೇಲೆಯೇ ಎಲೆ ತೆಗೆಯಿರಿ, ಒಬ್ಬರು ಕೂತಿರುವಾಗ ಪಕ್ಕದ ಎಲೆ ಎತ್ತಬೇಡಿ. ಎಲೆಗಳು ಹಸಿ ಕಸದ ಡಬ್ಬಿಗೆ. ಕೈ ತೊಳೆಯುವ ಜಾಗದಲ್ಲಿ ಒಣ ಟವೆಲ್ ಎರಡು ಸಲ ಬದಲಿಸಿ. ಆಚೆ ವೀಳ್ಯದೆಲೆ, ಅಡಿಕೆ, ಸುಣ್ಣ ತಟ್ಟೆಯಲ್ಲಿ ಇಟ್ಟರೆ ಹಿರಿಯರು ಅಲ್ಲೇ ಕೂತು ಮಾತಿಗೆ ಇಳಿಯುತ್ತಾರೆ. ಹಾಲ್ ಒರೆಸಿ ಎರಡನೇ ಪಂಕ್ತಿಯ ಎಲೆ ಹಾಕಲು ನಿಮಗೆ ಸಮಯ ಸಿಗುತ್ತದೆ.

ಒಂಬತ್ತೂವರೆಗೆ ಕೊನೆ ಪಂಕ್ತಿ. ಆರು ಎಲೆ. ಆಗ ಬಡಿಸಬೇಕಾದವರು ಆಗಲೇ ಉಂಡು ಕೂತ ನೆಂಟರು. ಮೊದಲೇ ಒಬ್ಬಿಬ್ಬರಿಗೆ ಹೇಳಿಟ್ಟಿರಿ. ಹೇಳಿದರೆ ಖುಷಿಯಿಂದ ಬರುತ್ತಾರೆ, ಹೇಳದಿದ್ದರೆ ಸಂಕೋಚಕ್ಕೆ ಕೂತಲ್ಲೇ ಇರುತ್ತಾರೆ. ಮನೆಯವರು ತಾವೇ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು ಉಂಡುಬಿಡುವುದು ಬೇಡ. ಅಡುಗೆ ಅಕ್ಕನೂ ಇದೇ ಪಂಕ್ತಿಗೆ ಕೂರಬೇಕು, ನಡುವಿನ ಎಲೆಗೆ. ಮುಚ್ಚಿಟ್ಟ ಪಾಲನ್ನು ತೆಗೆದು ಸಾರು, ಹುಳಿ ಇನ್ನೊಮ್ಮೆ ಕುದಿ ಬರಿಸಿ. ಕೋಸಂಬರಿಗೆ ಆಗಷ್ಟೇ ಉಪ್ಪು ಬೆರೆಸಿ. ಹಪ್ಪಳ ಮಾತ್ರ ಮೊದಲೇ ಕರಿದು ಇಡಬೇಡಿ. 15 ಹಸಿ ಹಪ್ಪಳ ಬೇರೆ ತೆಗೆದಿಟ್ಟಿರಿ, ಎಣ್ಣೆ ಬಾಣಲೆ ಒಲೆ ಮೇಲೇ ಇರಲಿ. ಅವರು ಕೂತು, ಅನ್ನ ಬಿದ್ದು, ತುಪ್ಪ ಬಿದ್ದ ಮೇಲೆ ಕರಿದು, ಬಿಸಿ ಬಿಸಿಯಾಗಿ ಒಂದೊಂದೇ ತಂದು ಅವರ ಎಲೆಗೆ ಇಡಿ.